ಬಿಳಿ ಪಿಂಗಾಣಿಗೆ ಹಚ್ಚಿದ ಕುಂಕುಮ

ಮೀಟರಿನ ಮುಳ್ಳು ಇಳಿಯಲೊಲ್ಲದು. ತೊಟ್ಟಿಯ ಗಾಳಿ ಎಳೆಯುವ ಪಂಪು ಬೆಳಗಿನಿಂದ ಒದರುತ್ತಿತ್ತು, ಮಧುಮತಿ ಮುಳ್ಳಿನ ಮೇಲಿಟ್ಟ ಕಣ್ಣು ತೆಗೆದಿರಲಿಲ್ಲ. ಉಕ್ಕಿನ ತೊಟ್ಟಿಯೊಳಗೆ ಮುಂಡಗೋಡದ ಟಿಬೆಟನ್ ಕಾಲೊನಿಯಿಂದ ಬಂದ ದೊಡ್ಡ ಮೋಟರಿನ ಕಾಯಿಲ್ ಕೂತಿತ್ತು. ಒಳಗಿನ ಗಾಳಿಯೆಲ್ಲ ಹೊರಬಿದ್ದರೆ ಮಾತ್ರ ವಾರ್ನಿಶ್ ತಂತಿಯ ಸಂದಿಗಿಳಿಯುತ್ತದೆ. ಇಲ್ಲಿ ಒಂದು ಕಡೆಯಿಂದ ಎಳೆದಷ್ಟೂ ಇನ್ನೊಂದು ಕಡೆಯಿಂದ ಗಾಳಿ ನುಸುಳುತ್ತಿತ್ತು.

"ನಾ ಹೇಳಲಿಲ್ಲೇನು?" ಬಾಗಿಲಲ್ಲಿ ನಿಂತಿದ್ದ ಅತ್ತೆ ಸತ್ತೆವ್ವ ಅಂದಳು. "ಖಂಡೆ ಪೂಜಿ ಮಾಡಿ ಹಚ್ಚಿದ ಕುಂಕುಮ ಅದು. ಗಂಡನ್ನ ಕಳಕೊಂಡಾಕಿ ಒರಸಿದ ಮ್ಯಾಲೆ ಮಶಿನ್ನರ ಹೆಂಗ ಉಳೀತೈತಿ?"

ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತುವ ದಾಂಡೇಲಿಯ ಈ ರಿವೈಂಡಿಂಗ್ ಶೆಡ್ಡು ಮಧುಮತಿಯ ಗಂಡ ಮಹಾಬಳೇಶ್ವರ ಕಟ್ಟಿದ್ದು. ಜೊಯಿಡಾ ರಸ್ತೆಯಲ್ಲಿ ಬೈಕಿನಿಂದ ಬಿದ್ದು ಅವನು ಸತ್ತ ಮೇಲೆ ಅವಳೂ ಅವನ ಅಣ್ಣ ಉಳವಪ್ಪನೂ ಸೇರಿ ನಡೆಸುತ್ತಿದ್ದರು. ತೊಟ್ಟಿಯನ್ನು ಆರಿಸಿ ತರಿಸಿದವಳು ಅವಳು. ಅದರ ಗೋಡೆಯಲ್ಲಿ ಒಳಹೋಗಲು ಎರಡು ದಾರಿ. ಒಂದರಲ್ಲಿ ಕರೆಂಟು: ತಾಮ್ರದ ಕಡ್ಡಿ, ಅದರ ಸುತ್ತ ಬಿಳಿ ಪಿಂಗಾಣಿ. ಇನ್ನೊಂದರಲ್ಲಿ ಬಿಸಿ ಎಣ್ಣೆಯ ಕೊಳವೆ, ಯಾಕೆಂದರೆ ಗಾಳಿ ಇಲ್ಲದ ಕಡೆ ಶಾಖ ತಾನಾಗಿ ಹರಡುವುದಿಲ್ಲ. ಕರೆಂಟು, ಎಣ್ಣೆ ಎರಡೂ ಒಳಗೆ ಹೋಗಬೇಕು, ಗಾಳಿ ಮಾತ್ರ ಹೋಗಬಾರದು. ಪಿಂಗಾಣಿಗೆ ಹಸಿ ಕುಂಕುಮ ಬಳಿದರೆ ಕರೆಂಟು ಅದರ ಮೇಲೇ ಹರಿದು ಬ್ರೇಕರ್ ಬೀಳುತ್ತದೆ. ಅದಕ್ಕೇ ಆಯುಧಪೂಜೆಯ ಮರುದಿನ ಅವಳು ಒರೆಸಿದ್ದಳು. ಮನೆಯವರಿಗೆ ಪಿಂಗಾಣಿ ಕಾಣಲಿಲ್ಲ, ವಿಧವೆಯ ಕೈ ಕಂಡಿತು.

ಅವಳು ಪಂಪು ನಿಲ್ಲಿಸಿ ಎಣ್ಣೆಯ ಕೊಳವೆಯ ನಟ್ಟು ಬಿಚ್ಚಿದಳು. ಒಳಗಿನ ರಬ್ಬರ್ ರಿಂಗು ಕಾವಿಗೆ ಸೆಟೆದು ಸೀಳಿತ್ತು, ಗಾಳಿ ನುಸುಳುತ್ತಿದ್ದದ್ದು ಅಲ್ಲಿಂದಲೇ. ಬೆಳಗಾವಿಯಿಂದ ಕಾವು ತಾಳುವ ಕಂದು ರಬ್ಬರಿನದು ತನ್ನಿ ಎಂದು ಅವಳು ಹೇಳಿದ್ದಳು. ಉಳವಪ್ಪ ಹಳಿಯಾಳದ ಪಂಪಿನ ಅಂಗಡಿಯಿಂದ ನೀರಿನ ಪೈಪಿನ ಕರಿ ರಿಂಗು ತಂದು, ಎಲ್ಲಾ ಒಂದೇ ಎಂದು ಹಾಕಿದ್ದ.

"ಭಾವಾರ, ಇದನ್ನ ನೋಡ್ರಿ."

ಉಳವಪ್ಪ ರಿಂಗನ್ನು ಬಗ್ಗಿಸಿದ. ಪಟ್ಟನೆ ಮುರಿಯಿತು. ಮಿಲ್ಲಿನಲ್ಲಿ ಎಲೆಕ್ಟ್ರಿಶಿಯನ್ ಆಗಿದ್ದವನು, ಅರ್ಥವಾಗದೆ ಏನು. ಅವ್ವನ ಕಡೆ ನೋಡಿದ, ತುಂಡುಗಳನ್ನು ಕಿಸೆಗೆ ಹಾಕಿಕೊಂಡ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಇನ್ನು ಮೇಲೆ ಶೆಡ್ಡಿನ ಹೊಸ್ತಿಲು ತುಳಿಯಬೇಡ ಎಂದು ಸತ್ತೆವ್ವ ಸೊಸೆಗೆ ಹೇಳಿದಾಗಲೂ ಅವನು ನೆಲ ನೋಡುತ್ತಿದ್ದ.

ಉಳವಪ್ಪ ಬೆಳಗಾವಿಗೆ ಹೋಗಿ ಕಂದು ರಿಂಗು ತಂದು ಹಾಕಿದ. ಮುಳ್ಳು ಸರ್ರನೆ ಇಳಿಯಿತು. ಸೊಸೆಯ ಕಾಲು ಹೊರಬಿದ್ದದ್ದೇ ಮಶಿನ್ನು ನೆಟ್ಟಗಾಯಿತು ಎಂದು ಸತ್ತೆವ್ವ ಓಣಿಯ ತುಂಬ ಹೇಳಿಕೊಂಡು ಬಂದಳು. ಆ ಖುಷಿಯಲ್ಲಿ ಪಿಂಗಾಣಿಗೆ ಮತ್ತೆ ಕುಂಕುಮ ಕಲಸಿ ಬಳಿದಳು, ಈ ಸಲ ತುಸು ದಪ್ಪಗೇ. ಉಳವಪ್ಪ ಸ್ವಿಚ್ಚು ಹಾಕಿದ. ಬ್ರೇಕರ್ ಬಿತ್ತು. ಎತ್ತಿದ, ಮತ್ತೆ ಬಿತ್ತು.

ಮಧ್ಯಾಹ್ನ ಅವನು ಹಿತ್ತಲಿಗೆ ಬಂದ. ಮಧುಮತಿ ಬಟ್ಟೆ ಹಿಂಡುತ್ತಿದ್ದಳು.

"ಅವ್ವ ಗುಡಿಗೆ ಹೋಗ್ಯಾಳ. ಲಗೂನ ಬಂದು ಅದನ್ನಷ್ಟ ಒರಸಿ ಹೋಗು."

ಅವಳಿಗೆ ಒಂದು ಕ್ಷಣ ಆಸೆಯಾಯಿತು. ನಾಚಿಕೆಗೇಡಿನ ಆಸೆ. "ನಾಳಿಂದ ಕೆಲಸಕ್ಕ ಬರಲ್ಯಾ ಹಂಗಾರ?"

"ಅವ್ವ ಒಪ್ಪಬೇಕಲ್ಲ. ಆಕಿ ಹಚ್ಚಿದಾಗೊಮ್ಮೆ ನೀ ಬಂದು ಒರಸಿ ಹೋದ್ರ ಆತು. ಯಾರಿಗೂ ಗೊತ್ತಾಗಂಗಿಲ್ಲ."

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. "ಒರಸೂದಽ ಆದ್ರ ನೀವಽ ಒರಸ್ರಿ, ಭಾವಾರ. ಕುಂಕುಮದಿಂದ ಬ್ರೇಕರ್ ಬೀಳತೈತಿ ಅಂತ ನಿಮಗ ಗೊತ್ತೈತಿ."

"ಗೊತ್ತೈತಿ. ಖರೆ ನಾ ಹೆಂಗ ಒರಸಲಿ? ಮನ್ಯಾಗ ಹೆಂಡ್ತಿ ದುರ್ಗವ್ವ ಅದಾಳ, ಮಕ್ಕಳದಾವ. ಹೆಚ್ಚುಕಡಿಮಿ ಆದ್ರ?" ಅವನು ಮೆಲ್ಲಗೆ, ಸಮಾಧಾನ ಹೇಳುವವನ ದನಿಯಲ್ಲೇ ಅಂದ: "ನಿನಗ ಇನ್ನೇನ ಆಗೂದೈತಿ?"

ಅತ್ತೆಯ ಮಾತಿಗೆ ಮಧುಮತಿ ಇಷ್ಟು ಉರಿದಿರಲಿಲ್ಲ, ಅದು ನಂಬಿದವಳ ಮಾತು. ಇವನು ಎಲ್ಲ ತಿಳಿದವನು. ಕೈ ಒರೆಸಿಕೊಂಡು ಅವನ ಮುಂದೆಯೇ ನಡೆದು ಶೆಡ್ಡಿನ ಹೊಸ್ತಿಲು ದಾಟಿದಳು. ಕಪಾಟಿನಿಂದ ಸ್ಪಿರಿಟ್ಟಿನ ಬಾಟಲಿ ತೆಗೆದು, ಬಟ್ಟೆಗೆ ಸುರಿದು, ಹಿಂಡಿ, ಅವನ ಅಂಗೈ ಮೇಲಿಟ್ಟಳು.

"ಹಿಡೀರಿ."

ಅವನು ಹಿಡಿದ. ಪಿಂಗಾಣಿ ಮೊಳದಾಚೆ ಇತ್ತು. ಅಷ್ಟರಲ್ಲಿ ಮನೆಯೊಳಗಿನಿಂದ ದುರ್ಗವ್ವ ಕರೆದಳು: "ಏನ್ರಿ, ರೊಟ್ಟಿ ಆರತಾವ, ಉಣ್ಣಾಕ ಬರ್ರಿ."

ಉಳವಪ್ಪ ತಿರುಗಿ ಬಾಗಿಲ ಕಡೆ ನೋಡಿದ. ಮಧುಮತಿ ಸ್ಟೂಲೆಳೆದು ಕೂತು ಅವನನ್ನೇ ನೋಡಿದಳು. ಅವನ ಕೈ ಪಿಂಗಾಣಿಯ ಕಡೆ ಏಳಲಿಲ್ಲ. ಸ್ಪಿರಿಟ್ಟಿನ ವಾಸನೆ ಶೆಡ್ಡಿನ ತುಂಬ ಹರಡಿ ಹೋಯಿತು, ಬಟ್ಟೆ ಅವನ ಮುಷ್ಟಿಯಲ್ಲೇ ಒಣಗಿತು.