ಸವೆಯದ ಸತು

ಹನಿ ಬೀಳುತ್ತಿದೆ, ದೋಣಿಯ ಹೊಟ್ಟೆಯ ನಡುಗೆರೆಯಿಂದ ಒಂದೊಂದೇ ಹನಿ ಸಿಮೆಂಟು ನೆಲದ ಮೇಲೆ, ಕರೆದು ಮುಗಿಸಿದ ಕೆಚ್ಚಲಿನಿಂದ ಕೊನೆಯ ಹಾಲು ಜಿನುಗುವ ಹಾಗೆ, ವೆಂಡೆಲ್ ಅದನ್ನೇ ನೋಡುತ್ತ ನಿಂತಿದ್ದಾನೆ, ಬೆಳಿಗ್ಗೆ ನೀರಿನಿಂದ ಎತ್ತಿದ ಮೂವತ್ತೆಂಟು ಅಡಿಯ ದೋಣಿ ಕ್ರೇನಿನ ಎರಡು ಅಗಲ ಪಟ್ಟಿಗಳಲ್ಲಿ ತೊಟ್ಟಿಲಿನಂತೆ ತೂಗುತ್ತಿದೆ, ಹದಿನೈದು ವರ್ಷ ಮೇಲೆ ಕುಳಿತು ಓಡಿಸಿದ್ದನ್ನು ಹೀಗೆ ಕೆಳಗೆ ನಿಂತು ನೋಡುವುದೆಂದರೆ ಏನೋ ನಾಚಿಕೆ, ಆಸ್ಪತ್ರೆಯಲ್ಲಿ ದಾದಿಯರು ಹೆಂಡತಿ ಇಮೋಜೀನಳನ್ನು ಮಗ್ಗುಲು ಹೊರಳಿಸುವಾಗ ಅವನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ ಹಾಗೆ, ಈಗಲೂ ಎಲ್ಲಾದರೂ ಒಂದು ಕ್ಯಾಲೆಂಡರ್ ಇದ್ದರೆ ಚೆನ್ನಾಗಿತ್ತು, ಅಕ್ಟೋಬರ್ ಎರಡನೇ ವಾರ, ಗುಡ್ಡದ ಓಕ್ ಮರಗಳು ಆಗಲೇ ಕೆಂಪಾಗಿವೆ, ನೀರು ದಿನದಿನಕ್ಕೆ ತಣ್ಣಗಾಗುತ್ತಿದೆ, ಮುಂದಿನ ವಸಂತಕ್ಕೆ ಅಂತ ಏನನ್ನೂ ಇಟ್ಕೋಬೇಡಿ ಎಂದು ಡಾಕ್ಟರಮ್ಮ ಹೇಳಿದ್ದು ಎಷ್ಟು ಮೆಲ್ಲಗೆ, ತನ್ನ ಮೇಜಿನ ಪೆನ್ನಿಗೇ ಹೇಳಿದ ಹಾಗೆ. ಇಟ್ಟುಕೊಳ್ಳುವುದಿಲ್ಲ, ಅದಕ್ಕೇ ಅಲ್ಲವೇ ಬಂದದ್ದು, ಇದನ್ನು ಕೊಟ್ಟು ಅದನ್ನು ತೆಗೆದುಕೊಳ್ಳುವುದು, ಅಷ್ಟೇ ಕೆಲಸ, ಅದು ಅಲ್ಲಿ ದೋಣಿಕಟ್ಟೆಯ ಬದಿಗೆ ನಿಂತಿದೆ, ಎರಡು ಕೊಳವೆಗಳ ಮೇಲೆ ಚಪ್ಪಟೆ ಜಗಲಿಯಂಥ ದೋಣಿ, ಅದರ ಬಾಗಿಲು ಮೂರಡಿ ಅಗಲ, ಮಡಚಿದ ಹಲಗೆಯನ್ನು ಬಿಚ್ಚಿದರೆ ಗಾಲಿಕುರ್ಚಿ ನೇರ ಒಳಕ್ಕೆ ಉರುಳುತ್ತದೆ, ಯಾರೂ ಎತ್ತಬೇಕಿಲ್ಲ, ಯಾರ ತೋಳೂ ಬೇಡ, ಒಂದು ಕಾಲದಲ್ಲಿ ಇಂಥವನ್ನು ಕಂಡರೆ ಅವನು ಎಷ್ಟು ನಗುತ್ತಿದ್ದ, ಅಜ್ಜಿಯರ ಜಗಲಿ ತೇಲ್ತಾ ಬಂತು ನೋಡ್ರೋ, ಎನ್ನುತ್ತ ಅದರ ಪಕ್ಕದಲ್ಲೇ ಗಂಟೆಗೆ ತೊಂಬತ್ತು ಮೈಲಿಯಲ್ಲಿ ಹಾಯಿಸಿಬಿಡುತ್ತಿದ್ದ, ಇಮೋಜೀನ್ ಟೋಪಿ ಹಿಡಿದುಕೊಂಡು, ಏ ಗೂಬೆ, ನಿಧಾನಕ್ಕೋ, ಅವರ ಕಾಫಿ ಚೆಲ್ಲುತ್ತೆ ಕಣೋ, ಎಂದು ಕೂಗುತ್ತಿದ್ದಳು.

ಟೋಪಿ ಇವತ್ತೂ ಹಾಕಿಕೊಂಡಿದ್ದಾಳೆ. ಅಂಗಳದ ಆಚೆ ವ್ಯಾನಿನಲ್ಲಿ ಕುರ್ಚಿ ಸಮೇತ ಕುಳಿತಿದ್ದಾಳೆ, ಗಾಜು ಇಳಿಸಿದೆ, ಮುಖದ ಬಲಭಾಗ ಇನ್ನೂ ಅವಳದು, ಎಡಭಾಗ ಮಾರ್ಚ್ ತಿಂಗಳಿಂದ, ತಲೆಯೊಳಗಿನ ಗಡ್ಡೆ ಗೊತ್ತಾದಾಗಿನಿಂದ, ಬೇರೆ ಯಾರದೋ, ಬೆಳಿಗ್ಗೆ ಅವನೇ ತಲೆ ಬಾಚಿ ಟೋಪಿ ಇಟ್ಟು ಹೇಳಿದ, ಹೋಗೋದು ರಸ್ತೇಲಿ, ಬರೋದು ನೀರಲ್ಲಿ, ಸರಿನಾ, ಅವಳು ಬಲಗೈ ಹೆಬ್ಬೆರಳು ಎತ್ತಿದಳು — ಏಕೆ ಹೇಳಬೇಕಿತ್ತು, ಬಾಯಿಗೆ ಬೀಗವಿರಲಿಲ್ಲವೇ, ಆದರೆ ಹೋಯ್ಟ್ ಫೋನಿನಲ್ಲಿ ಅಷ್ಟು ಖಂಡಿತವಾಗಿ ಹೇಳಿದ್ದ, ಮೂವತ್ತು ವರ್ಷದಿಂದ ಈ ಸರೋವರದಲ್ಲಿ ದೋಣಿ ಮಾರುತ್ತಿರುವವನು, ಚರ್ಚಿನಲ್ಲಿ ಹಿಂದಿನ ಬೆಂಚಿನವನು, ಪ್ರಾರ್ಥನೆಯ ನಡುವೆ ಬೆನ್ನಿಗೆ ತಿವಿದು ಯಾವ ದೋಣಿ ಎಷ್ಟಕ್ಕೆ ಹೋಯಿತೆಂದು ಪಿಸುಗುಡುವವನು, ಒಂದು ಲಕ್ಷ ಹದಿನೆಂಟು ಸಾವಿರ ಡಾಲರ್, ಮಾರಾಯ, ಅದಲುಬದಲಿನ ಲೆಕ್ಕದಲ್ಲಿ, ನೋಡಿದ ಮೇಲೆ ಹೆಚ್ಚುಕಮ್ಮಿ ಆಗ್ಬಹುದು, ಆದ್ರೆ ನಿನ್ ದೋಣಿ ನಂಗೆ ಗೊತ್ತಿಲ್ವಾ. ಜಗಲಿ ದೋಣಿಗೆ ತೊಂಬತ್ತಾರು ಸಾವಿರ. ಉಳಿದದ್ದರಲ್ಲಿ ಆಸ್ಪತ್ರೆಯವರ ಬಾಯಿಗೆ ಒಂದು ತುತ್ತು. ಎಲ್ಲ ಎಷ್ಟು ನೇರವಾಗಿತ್ತು, ರಾತ್ರಿ ಮೊಣಕಾಲೂರಿ ದೇವರಿಗೆ ವಂದನೆಯನ್ನೂ ಹೇಳಿಬಿಟ್ಟಿದ್ದ, ಕೊಡುವ ಮೊದಲೇ ವಂದನೆ ಹೇಳಿದರೆ ದೇವರಿಗೂ ಮುಜುಗರವಾಗುತ್ತದೇನೋ.

ಒಂಬತ್ತು ಗಂಟೆಗೆ ಹೋಯ್ಟ್ ನಗುನಗುತ್ತಲೇ ಶುರು ಮಾಡಿದ, ಹಳೇ ದೋಣಿಗಳ ಬೆಲೆಯ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ದೋಣಿಯ ಸುತ್ತ ಪ್ರದಕ್ಷಿಣೆ ಹಾಕಿದ, ಈ ಹೂವು ಯಾಕಪ್ಪಾ ಬರೆಸ್ದೆ, ಎಂದ, ಪಕ್ಕೆಯುದ್ದಕ್ಕೂ ಇಮೋಜೀನ್ ಆರಿಸಿದ ರೆಡ್‌ಬಡ್ ಹೂಗಳು, ಎಲೆ ಬರುವ ಮೊದಲೇ ಬರಿಯ ಕೊಂಬೆಯಲ್ಲಿ ಅರಳುವ ಗುಲಾಬಿ ಬಣ್ಣದ ಹೂವು, ಬರೆಸಲು ಇಪ್ಪತ್ತು ಸಾವಿರ ಆಗಿತ್ತು, ಹೋಯ್ಟ್ ಹೇಳಿದ, ಕೊಳ್ಳೋ ಗಂಡಸು ಮೊದ್ಲು ಮಾಡೋ ಕೆಲ್ಸ ಅಂದ್ರೆ ಇದನ್ನ ಅಳಿಸೋದು, ಅದಕ್ಕೆ ಎಂಟು ಸಾವಿರ ನಾನೇ ಕಳೀಬೇಕು, ಬೇಜಾರ್ ಮಾಡ್ಕೋಬೇಡ. ಆಮೇಲೆ ಎಂಜಿನ್ ಮುಚ್ಚಳ ಎತ್ತಿಸಿ ಸಿಳ್ಳೆ ಹಾಕಿದ, ಇನ್ನೂರು ಕುದುರೆ ಹೆಚ್ಚಿಗೆ ಕಟ್ಟಿಸ್ದೆ ಅಂತೀಯ, ಆ ಕುದುರೆಗಳಿಗೆ ಯಾರೂ ಹುಲ್ಲಿಗೂ ಕಾಸು ಕೊಡಲ್ಲ ಕಣಪ್ಪ, ಬ್ಯಾಂಕಿನವ್ರು ಹೆದರ್ತಾರೆ, ವಿಮೆಯವ್ರು ಓಡಿಹೋಗ್ತಾರೆ, ಕಾರ್ಖಾನೆಯಿಂದ ಬಂದ ಹಾಗೇ ಬಿಟ್ಟಿದ್ರೆ ಇನ್ನೂ ಹೆಚ್ಚು ಬರ್ತಿತ್ತು. ಅಂದರೆ ಈ ಪೇಟೆಯಲ್ಲಿ ಒಂದು ವಸ್ತುವಿಗೆ ನೀನು ಪ್ರೀತಿಯಿಂದ ಏನು ಮಾಡಿದರೂ ಅದು ಕಳೆಯುವ ಬಾಬ್ತು, ಮುಟ್ಟದೆ ಬಿಟ್ಟದ್ದಕ್ಕೆ ಮಾತ್ರ ಬೆಲೆ, ಹಾಗಾದರೆ ಇಮೋಜೀನ್‌ಗೆ ಪುಸ್ತಕದಲ್ಲಿ ಎಷ್ಟು, ನಲವತ್ತೊಂದು ವರ್ಷ ಅವನ ಸಿಮೆಂಟು ಮೆತ್ತಿದ ಬಟ್ಟೆ ಒಗೆದ ಕೈಗೆ, ಎರಡು ಹೆತ್ತು ಒಂದನ್ನು ಮಣ್ಣಿಗೆ ಕೊಟ್ಟವಳಿಗೆ — ಥೂ, ಇದೆಂಥ ಯೋಚನೆ, ತಪ್ಪಾಯಿತು ತಂದೆ. ಆದರೂ ಒಂದು ಲಕ್ಷ ಹತ್ತು ಸಾವಿರ ಉಳಿದಿತ್ತು. ಸಾಕಾಗಿತ್ತು. ಮೂರು ವರ್ಷದ ಹಿಂದೆ, ಸಾಂಕ್ರಾಮಿಕದ ದಿನಗಳಲ್ಲಿ ಜನ ಮನೆಯಲ್ಲಿ ಕೂರಲಾರದೆ ಇದ್ದಬದ್ದ ದೋಣಿಯನ್ನೆಲ್ಲ ಕೊಳ್ಳುತ್ತಿದ್ದಾಗ, ಪೆಟ್ರೋಲು ಕಟ್ಟೆಯಲ್ಲಿ ಯಾರೋ ಅಪರಿಚಿತ ಕನ್ನಡಕ ಎತ್ತಿ ಕೇಳಿದ್ದ, ಎರಡು ಲಕ್ಷ ಹತ್ತು ಕೊಡ್ತೀನಿ, ಈಗಲೇ, ಕೀ ಕೊಡ್ತೀರಾ ಅಜ್ಜ, ಅವನು ನಕ್ಕು, ಹೆಂಡ್ತೀನ ಯಾರಾದ್ರೂ ಮಾರ್ತಾರೇನಪ್ಪ, ಎಂದಿದ್ದ, ಕಟ್ಟೆಯವರೆಲ್ಲ ಚಪ್ಪಾಳೆ ತಟ್ಟಿದ್ದರು, ಆ ಚಪ್ಪಾಳೆಗೆ ಪುಸ್ತಕದಲ್ಲಿ ಯಾವ ಕಾಲಮ್ಮೂ ಇಲ್ಲ. ಕಾಗದ ತಂದರು. ಎಂಜಿನ್ ಓಡಿದ ಗಂಟೆ, ಅಪಘಾತ ಇಲ್ಲ, ಸಿಹಿನೀರು ಮಾತ್ರ — ಆ ಮೂರನೇ ಸಾಲಿನ ಮುಂದೆ ಪೆನ್ನು ಒಂದು ಉಸಿರಿನಷ್ಟು ನಿಂತಿತು, ಆಮೇಲೆ ಗುರುತು ಹಾಕಿತು, ಪೆನ್ನೇ ಹಾಕಿತು ಎನ್ನುವ ಹಾಗೆ, ಅವನದೇನೂ ಇಲ್ಲ ಎನ್ನುವ ಹಾಗೆ.

ಐದು ದಿನ. ಹದಿನೈದು ವರ್ಷದಲ್ಲಿ ಐದೇ ದಿನ, ಅದಕ್ಕೆ ಉಪ್ಪುನೀರು ಎನ್ನಬೇಕೇ, ಇಮೋಜೀನ್‌ಗೆ ಅರವತ್ತು ತುಂಬಿತ್ತು, ಒಂದ್ಸಲ ಆಚೆ ದಡ ಕಾಣಿಸ್ದೇ ಇರೋ ನೀರು ನೋಡ್ಬೇಕು ವೆಂಡೆಲ್, ಎಲ್ಲಿ ನೋಡಿದ್ರೂ ಯಾರದೋ ಮನೆ ಕಾಣುತ್ತೆ ಇಲ್ಲಿ, ಎಂದಿದ್ದಳು, ಅದಕ್ಕೇ ಟ್ರೇಲರಿಗೆ ಕಟ್ಟಿ ಎರಡು ದಿನ ಎಳೆದುಕೊಂಡು ಕೊಲ್ಲಿಗೆ ಹೋಗಿದ್ದರು, ಅವಳು ಮೂಗಿನ ಮೇಲೆ ಬಿಳಿ ಮುಲಾಮು ಬಳಿದುಕೊಂಡು ದೋಣಿಯ ಮೂತಿಯಲ್ಲಿ ಕುಳಿತಿದ್ದಳು, ದಡ ಮುಳುಗಿತು, ನೀರು, ಬರೀ ನೀರು, ಎಂಜಿನ್ ಆರಿಸು ಎಂದಳು, ಆರಿಸಿದ, ಎಷ್ಟೋ ಹೊತ್ತಿನ ಮೇಲೆ ತುಟಿ ಚಪ್ಪರಿಸಿ, ಉಪ್ಪಾಗಿದೆ ಕಣೋ, ಗಾಳಿಯೇ ಉಪ್ಪು, ಎಂದು ನಕ್ಕಳು, ಮಗುವಿನ ಹಾಗೆ. ಹೋಗುವ ಮೊದಲು ಅವನು ಎಲ್ಲ ಸರಿಯಾಗಿಯೇ ಮಾಡಿದ್ದ, ಎರಡೂ ಕಡೆ ಸತು ಹಾಕಿದ್ದ. ಹಿಂಬದಿಯಲ್ಲಿ ನೀರಿಗಿಳಿಯುವ ಎರಡು ಡ್ರೈವ್‌ಗಳು, ರೆಕ್ಕೆ ತಿರುಗಿಸುವ ಕಾಲುಗಳು, ಒಂದೊಂದಕ್ಕೂ ಅಂಗೈ ಗಾತ್ರದ ಲೋಹದ ತುಂಡುಗಳನ್ನು ಬಿಗಿದಿರುತ್ತಾರೆ, ನೀರಿನೊಳಗೆ ಲೋಹವನ್ನು ಲೋಹ ತಿನ್ನುತ್ತದಲ್ಲ, ಆಗ ಈ ತುಂಡು ತನ್ನನ್ನೇ ತಿನ್ನಲು ಕೊಟ್ಟು ಡ್ರೈವನ್ನು ಉಳಿಸಬೇಕು, ಕಟ್ಟೆಯವರು ಅದನ್ನು ಬಲಿ ಎಂದೇ ಕರೆಯುತ್ತಾರೆ, ಸಿಹಿನೀರಿಗೆ ಮೆಗ್ನೀಷಿಯಂ ಬಲಿ, ಉಪ್ಪುನೀರಿಗೆ ಸತುವಿನದು, ಬದಲಾಯಿಸದಿದ್ದರೆ ಕೆಟ್ಟಿತು, ಇದು ಇಲ್ಲಿಯ ಹಾಲುಗಲ್ಲದ ಮಕ್ಕಳಿಗೂ ಗೊತ್ತು. ಬಂದ ಮೇಲೆ ಸತು ತೆಗೆದು ಮತ್ತೆ ಮೆಗ್ನೀಷಿಯಂ ಹಾಕಲು ಕುಳಿತ, ಗಂಟೆಗಟ್ಟಲೆ ಎಂಜಿನ್‌ಗೆ ಸಿಹಿನೀರು ಕುಡಿಸಿದ, ಇಮೋಜೀನ್ ಮಣೆಯ ಮೇಲೆ ಕುಳಿತು ಸ್ಕ್ರೂಗಳ ತಟ್ಟೆ ಹಿಡಿದಿದ್ದಳು, ಎಡಗಡೆಯವು ಮುಗಿದವು, ಬಲಗಡೆ ಮಲಗಿ ಕೈ ಹಾಕುವಷ್ಟರಲ್ಲಿ ಗೇಟಿನಿಂದ ಹೋಯ್ಟ್, ಹೌದು, ಇದೇ ಹೋಯ್ಟ್, ಆಗಸ್ಟಿನ ದೋಣಿ ಓಟದ ವಾರ, ಲೇ ಬಾರೋ, ಮೊದಲ್ನೇ ದೋಣಿ ಬಿಟ್ಟಾಯ್ತು, ನಿನ್ ಪೂಜೆ ಆಮೇಲೆ ಮಾಡ್ಕೋ, ಎಂದು ಕೂಗಿದ್ದ, ಇವನು ಎದ್ದು ಓಡಿದ್ದ. ಓಡಿದ್ದನೇ. ಹಾಗಾದರೆ ಬಲಗಡೆಯದು.

ಅದನ್ನು ನೋಡಲಿಲ್ಲವೇ ಆಮೇಲೆ, ನೋಡಿದ, ಪ್ರತಿ ವಸಂತದಲ್ಲೂ ನೋಡಿದ, ದೇವರಾಣೆ ನೋಡಿದ, ಎಡಗಡೆಯದು ಕುಷ್ಠ ತಿಂದ ಬೆರಳಿನಂತೆ ಸವೆದಿರುತ್ತಿತ್ತು, ತೆಗೆದು ಹೊಸದು ಹಾಕುತ್ತಿದ್ದ, ಬಲಗಡೆಯದು ಗುಂಡುಗುಂಡಗೆ ಗಟ್ಟಿಯಾಗಿ ಇರುತ್ತಿತ್ತು, ಮೇಲೆ ಸ್ವಲ್ಪ ಬಿಳಿಪುಡಿ, ಅಷ್ಟೇ, ಇದಿನ್ನೂ ಚೆನ್ನಾಗಿದೆ ಕಣೇ, ಸವೆದೇ ಇಲ್ಲ, ಸುಮ್ನೆ ಯಾಕೆ ನಲವತ್ತು ಡಾಲರ್, ಎನ್ನುತ್ತಿದ್ದ, ಖುಷಿಯಾಗಿ, ಅದರ ಮೈ ಸವರಿ. ಎಂಟು ವಸಂತ.

ಟ್ರೂಡಿ ಗಾಲಿಹಲಗೆಯ ಮೇಲೆ ಮಲಗಿ ಬಲಗಡೆಯ ಡ್ರೈವಿನ ಹಿಂದಕ್ಕೆ ಜಾರಿದಳು, ಹೋಯ್ಟ್‌ನ ಅಂಗಡಿಯ ಮೆಕ್ಯಾನಿಕ್ಕು, ನಲವತ್ತರ ಹೆಂಗಸು, ದೋಣಿ ನೋಡುವುದರಲ್ಲಿ ಅವಳ ಕಣ್ಣಿಗೆ ಸುಳ್ಳು ಹೇಳುವುದು ಕಷ್ಟ, ಟಾರ್ಚಿನ ಬೆಳಕು ಒಳಗೆ ಓಡಾಡಿತು, ನಿಂತಿತು, ಮಿಸ್ಟರ್ ವೆಂಡೆಲ್, ಎಂದಳು, ಇದು ಯಾವಾಗ ಹಾಕಿದ್ದು ನೀವು. ಎರಡು ಸ್ಕ್ರೂ ಬಿಚ್ಚುವ ಸದ್ದು. ಕೈ ಹೊರಗೆ ಬಂತು, ಅಂಗೈ ಮೇಲೆ ಆ ತುಂಡು, ಅವಳು ಹೆಬ್ಬೆರಳ ಉಗುರಿನಿಂದ ಬಿಳಿಪುಡಿ ಕೆರೆದಳು, ಅಡಿಯಲ್ಲಿ ಅಚ್ಚಿನ ಅಂಕಿಗಳು ಹೊಸದಾಗಿ ಒತ್ತಿದ ಹಾಗೆ ಕಂಡವು, ಸತು ಇದು, ಎಂದಳು, ಸಿಹಿನೀರಲ್ಲಿ ಇದಕ್ಕೆ ಪೊರೆ ಕಟ್ಕೊಂಡು ನಿದ್ದೆ ಹೋಗ್ಬಿಡುತ್ತೆ, ಬಲಿ ಬೀಳಲ್ಲ, ಅದು ಬೀಳ್ದೆ ಹೋದ್ರೆ ಬೇರೆ ಯಾರಾದ್ರೂ ಬೀಳ್ಲೇಬೇಕಲ್ಲ, ಹೀಗೆ ಹೇಳಿ ಸ್ಕ್ರೂಡ್ರೈವರಿನ ತುದಿಯನ್ನು ಡ್ರೈವಿನ ಮೈಗೆ ಊರಿದಳು, ಮೆಲ್ಲಗೆ, ಹಿಟ್ಟಿಗೆ ಇಳಿದಂತೆ ಇಳಿಯಿತು, ಬೂದು ಪುಡಿ ಉದುರಿತು. ಹೊರಗಿನ ಬಣ್ಣ ಮಿರಮಿರ ಹೊಳೆಯುತ್ತಿತ್ತು, ಅದರ ಹಿಂದೆ ಏನೂ ಉಳಿದಿರಲಿಲ್ಲ. ಸತು ಹಾಕಿದ್ರೆ ಇದು ಸಮುದ್ರಕ್ಕೆ ಹೋಗಿತ್ತು ಅಂತ ಅಲ್ವಾ ಸಾರ್, ಎಂದು ಅವಳು ಕೇಳಲಿಲ್ಲ, ಹೋಯ್ಟ್‌ನ ಮುಖ ನೋಡಿದಳು, ಹೋಯ್ಟ್ ಕಾಗದದ ಮೂರನೇ ಸಾಲನ್ನು ನೋಡಿದ, ಆಮೇಲೆ ಮೋಡ ನೋಡಿದ.

ಐದೇ ದಿನ ಕಣೋ ಹೋಯ್ಟ್, ಅವಳ ಅರವತ್ತಕ್ಕೆ. ಗೊತ್ತಾಯ್ತು ಮಾರಾಯ. ಎಲ್ಲಾ ತೊಳೆದಿದ್ದೆ. ತೊಳೆದಿರ್ತೀಯ, ನೀನು ತೊಳೀದೆ ಇರ್ತೀಯಾ, ಆದ್ರೆ ಒಂದ್ಸಲ ಉಪ್ಪು ಅಂದ್ರೆ ಉಪ್ಪೇ, ಎಂಜಿನ್ ಹೊಟ್ಟೇಲಿ ಏನಿದ್ಯೋ ನಾನು ಯಾರಿಗೆ ಅಂತ ಆಣೆ ಇಟ್ಟು ಮಾರ್ಲಿ, ಡ್ರೈವ್ ಬೇರೆ ಹೋಯ್ತು, ನಾಳೆ ಕೊಂಡವ್ನು ನನ್ ಕತ್ತಿನ ಪಟ್ಟಿ ಹಿಡೀತಾನೆ. ಪೆನ್ನು ಗೀಚಿತು, ಪುಸ್ತಕ ಮುಚ್ಚಿತು, ಎಪ್ಪತ್ತೊಂದು ಸಾವಿರ, ಎಂದ ಹೋಯ್ಟ್, ಅದೂ ನಿನ್ ಮುಖ ನೋಡಿ, ಬೇರೆಯವ್ನಾಗಿದ್ರೆ ಅರವತ್ತೈದು, ಮತ್ತೆ ದನಿ ತಗ್ಗಿಸಿ, ಇಪ್ಪತ್ತೈದು ಸಾವಿರ ಎಲ್ಲಾದ್ರೂ ಹೊಂದಿಸ್ಕೊಳ್ತೀಯಾ ವೆಂಡೆಲ್, ಸಂಜೆ ತನಕ ತಡೀತೀನಿ ಅನ್ನೋಕೂ ಆಗಲ್ಲ, ಕಾನ್ಸಾಸ್ ಸಿಟಿಯ ಹಲ್ಲಿನ ಡಾಕ್ಟರು ಮೂರು ಗಂಟೆಗೆ ಬರ್ತಾನೆ, ಅವನ ಅಮ್ಮಂಗೆ ಬೇಕಂತೆ, ಆ ಬಾಗಿಲಿನ ದೋಣಿ ಈ ವರ್ಷ ಇದೊಂದೇ ಉಳಿದಿರೋದು. ಎಲ್ಲಿಂದ ಹೊಂದಿಸುವುದು, ಮನೆಯ ಮೇಲೆ ಆಸ್ಪತ್ರೆಯ ಸಾಲ ಆಗಲೇ ಕುಳಿತಿದೆ, ಲಾರಿ, ಸಿಮೆಂಟು ಯಂತ್ರ ಎಲ್ಲ ಬೇಸಿಗೆಯಲ್ಲೇ ಹೋದವು, ಬಾಡಿಗೆ ದೋಣಿಯವರನ್ನೂ ಕೇಳಿದ್ದಾಯಿತು, ಈ ಸರೋವರದಲ್ಲಿ ಯಾರ ಬಳಿಯೂ ಅಂಥ ಬಾಗಿಲಿಲ್ಲ. ಜೂನಿನಲ್ಲಿ ಒಮ್ಮೆ ಈ ದೋಣಿಗೇ ಅವಳನ್ನು ಹತ್ತಿಸಲು ನೋಡಿದ್ದ, ಚರ್ಚಿನ ಇಬ್ಬರು ಎತ್ತಿದರು, ಎತ್ತರದ ಅಂಚು, ಇಕ್ಕಟ್ಟು ಸೀಟು, ಅವಳ ಎಡಗಾಲು ಮಡಚಿಕೊಂಡು ಸಿಕ್ಕಿಬಿತ್ತು, ಲಂಗ ಮೇಲಕ್ಕೆ ಸರಿಯಿತು, ಆ ಗಂಡಸರು ಒಳ್ಳೆಯವರು, ಗುಡ್ಡದ ಕಡೆ ನೋಡಿದರು, ಅವಳು ಒಂದು ಕಣ್ಣಿನಲ್ಲಿ ಅತ್ತಳು, ಇನ್ನೊಂದು ಕಣ್ಣಿಗೆ ಅಳುವುದು ಮರೆತುಹೋಗಿತ್ತು. ಯಾರಾದ್ರೂ ಬೀಳ್ಲೇಬೇಕಲ್ಲ. ತಲೆನೋವು, ಎಂದಿದ್ದಳು ಕಳೆದ ಕ್ರಿಸ್ಮಸ್ ಹೊತ್ತಿಗೆ, ಬರೀ ತಲೆನೋವು, ನನಗೇನಾಗಿದೆ ಗುಂಡುಕಲ್ಲಿನ ಹಾಗಿದೀನಿ, ಡಾಕ್ಟರಿಗೆ ಯಾಕೆ ಸುಮ್ನೆ, ಅವನು ನೋಡಿದ್ದ, ದೇವರಾಣೆ ನೋಡಿದ್ದ, ಕೆನ್ನೆ ತುಂಬಿಕೊಂಡಿತ್ತು, ಚೆನ್ನಾಗೇ ಇದೀಯ ಕಣೇ, ಎಂದಿದ್ದ, ಖುಷಿಯಾಗಿ.

ಟ್ರೂಡಿ ಆ ತುಂಡನ್ನು ಎಲ್ಲಿಡುವುದೆಂದು ತಿಳಿಯದೆ ಅವನ ಕೈಗೇ ಇಟ್ಟು ಹೋಗಿದ್ದಾಳೆ, ಹೋಯ್ಟ್ ಒಳಗೆ ಹೋಗಿ ಎರಡು ಕಾಫಿ ತರುತ್ತೇನೆ ಎಂದವನು ಬಂದಿಲ್ಲ, ಬರುವುದೂ ಇಲ್ಲ, ಅವನಿಗೂ ನಾಚಿಕೆ ಇದೆ, ವ್ಯಾನಿನವರೆಗೆ ನಲವತ್ತು ಹೆಜ್ಜೆ ಇರಬಹುದು, ನಡೆಯಬೇಕು, ಹೋಗಿ ಏನು ಹೇಳುವುದು, ರಸ್ತೇಲೇ ಹೋಗೋಣ ಇಮೋಜೀನ್ ಎನ್ನುವುದೇ, ಆ ಐದು ದಿನದ ದೆಸೆಯಿಂದ ಎನ್ನುವುದೇ, ಅದನ್ನು ಹೇಳಬಾರದು, ಅವಳಿಗೆ ಉಳಿದಿರುವುದು ಆ ದಡವಿಲ್ಲದ ನೀರೊಂದೇ, ಅದರ ಮೇಲೂ ಬೆಲೆಯ ಚೀಟಿ ಅಂಟಿಸುವುದು ಹೇಗೆ, ಹೇಳದಿದ್ದರೆ ಯಾಕೆ ಎಂದು ಆ ಹುಬ್ಬು ಕೇಳುತ್ತದೆ, ಕೇಳುತ್ತಿದೆ, ಇಲ್ಲಿಂದಲೇ ಕಾಣುತ್ತದೆ, ಟೋಪಿಯ ಕೆಳಗೆ ಒಂದೇ ಹುಬ್ಬು ಮೇಲಕ್ಕೆ ಹೋಗಿದೆ, ಬಲಗೈ ಕಿಟಕಿಯ ಆಚೆ ಬಂದಿದೆ, ಬೆರಳು ಜಗಲಿ ದೋಣಿಯ ಕಡೆ ತೋರಿಸುತ್ತಿದೆ, ಹೋಗೋಣವೇ ಎಂದು, ಅವನು ಹೆಜ್ಜೆ ಎತ್ತಬೇಕು, ತಂದೆ, ನೀನಾದರೂ ಒಂದು ಮಾತು ಬಾಯಿಗೆ ಹಾಕು, ಪಾದ್ರಿ ಈಸ್ಟರ್ ದಿನ ಹೇಳುತ್ತಾರಲ್ಲ, ಒಬ್ಬರ ಬದಲು ಒಬ್ಬರು ಬಲಿ, ಒಬ್ಬರ ಬದಲು — ಅವನು ಕೈ ಎತ್ತುತ್ತಾನೆ ಅವಳಿಗೆ ಏನೋ ಸನ್ನೆ ಮಾಡಲು, ಕೈಯಲ್ಲಿ ಅದು ಇದೆ, ಭಾರವಾಗಿ ಇದೆ, ಎಂಟು ವರ್ಷ ನೀರಿನಲ್ಲಿದ್ದೂ ಒಂದು ಕೂದಲೆಳೆ ಸವೆದಿಲ್ಲ, ಅಂಚು ಅಂಗೈಗೆ ಒತ್ತುತ್ತದೆ, ಸ್ಕ್ರೂವಿನ ಎರಡು ತೂತು, ಅಚ್ಚಿನ ಅಂಕಿಗಳು, ನಾಲ್ಕು, ಒಂದು, ಏಳು, ಒಂದೂ ಅಳಿಸಿಲ್ಲ, ನಾಲ್ಕು, ಒಂದು, ಏಳು, ಅಂಗೈ ಮೇಲೆ, ಪೂರ್ತಿಯಾಗಿ, ಹೊಸದರ ಹಾಗೆ.