ಮೂರನೆಯವನ ಕಣ್ಣು

ಈ ಕತೆ ಹೇಳುವ ಧೈರ್ಯ ಮಾಡಿದ್ದಕ್ಕೆ ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಚಿತ್ರಕಲೆ ಓದಿಕೊಂಡವರು ಇದನ್ನು ಇನ್ನೂ ಚೆನ್ನಾಗಿ ಹೇಳಿಯಾರು, ಊರಿನ ಹಳಬರು ಇನ್ನೂ ಸರಿಯಾಗಿ ಹೇಳಿಯಾರು. ಆದರೆ ಓದಿಕೊಂಡವರಿಗೆ ಇದು ಸಣ್ಣ ವಿಷಯ, ಹಳಬರಿಗೆ ಬಾಯಿ ಬಿಡಲು ಇಷ್ಟವಿಲ್ಲ. ಹಾಗಾಗಿ ಗೊತ್ತಿದ್ದಷ್ಟು, ಗೊತ್ತಿದ್ದ ಹಾಗೆ. ಎಲ್ಲಾದರೂ ಎಡವಿದರೆ ಅದು ಹೇಳಿದವರ ತಪ್ಪು, ಇಲ್ವಾಳದ್ದಲ್ಲ.

ಇಲ್ವಾ ಮೊಂತೆಲಾರೊ ಎಂಬವಳು ಫ್ಲಾರೆನ್ಸ್ ಕಡೆಯ ಒಂದು ಸಣ್ಣ ಊರಿನ ಚರ್ಮದ ಚೀಲದ ಕಾರ್ಖಾನೆಯಲ್ಲಿ ಹೊಲಿಗೆಯವಳು. ನಲವತ್ತು ದಾಟಿದ ಮೇಲೆ ಸಂಜೆ ಶಾಲೆಗೆ ಸೇರಿ, ತನಗಿಂತ ಚಿಕ್ಕವರ ಪಕ್ಕದಲ್ಲಿ ಕೂತು ಪರೀಕ್ಷೆ ಪಾಸು ಮಾಡಿದ್ದಳು. ಊರಿನ ಹಳೆಯ ಕನ್ಯಾಮಠದಲ್ಲಿ ಈಗ ಒಂದು ಸಣ್ಣ ವಸ್ತುಸಂಗ್ರಹಾಲಯವಿದೆ. ಸುತ್ತಲಿನ ಚರ್ಚುಗಳಿಂದ ತಂದ ನಾಲ್ಕೈದು ಶತಮಾನದ ಹಿಂದಿನ ಚಿತ್ರಗಳು ಅಲ್ಲಿವೆ. ಭಾನುವಾರ ಜನರಿಗೆ ಚಿತ್ರ ತೋರಿಸಿ ವಿವರಿಸುವವರು ಬೇಕೆಂದಾಗ ಇಲ್ವಾ ಹೆಸರು ಕೊಟ್ಟಳು. 

ಅಲ್ಲಿಯ ಪದ್ಧತಿ ಹೀಗಿತ್ತು. ಹೊಸಬರು ಮೊದಲು ಊರಿನವರನ್ನೇ ಒಂದು ಸುತ್ತು ಕರೆದೊಯ್ಯಬೇಕು. ನಿರ್ದೇಶಕಿ ಬಾರ್ದಿ ಬಾಯಿ ಬಿಡದೆ ಹಿಂದೆ ಹಿಂದೆ ಬರುತ್ತಾರೆ. ಹೊರಗಿನವರು ಏನು ಹೇಳಿದರೂ ತಲೆಯಾಡಿಸುತ್ತಾರೆ, ಊರಿನವರು ಹಾಗೆ ಬಿಡುವುದಿಲ್ಲ ಎಂಬುದು ಅವರ ಎಣಿಕೆ.

ಆ ಭಾನುವಾರ ಬೆಳಿಗ್ಗೆ ಇಲ್ವಾ ಅಡುಗೆಮನೆಯಲ್ಲಿ ನಿಂತು, ಒಲೆಯ ಮೇಲೆ ಕಾಫಿ ಉಕ್ಕುವುದನ್ನೂ ಮರೆತು ಪಾಠ ಒಪ್ಪಿಸುತ್ತಿದ್ದಳು. "ಕ್ರಿಸ್ತನನ್ನು ಕಂಬಕ್ಕೆ ಕಟ್ಟಿ ಚಾಟಿಯಿಂದ ಹೊಡೆಯುತ್ತಿರುವ ದೃಶ್ಯ. ಹೊಡೆಯುವವರು ಮೂವರು. ಮೂವರ ಕಣ್ಣನ್ನೂ ನಾಲ್ಕು ಶತಮಾನದ ಹಿಂದಿನ ಭಕ್ತರು ಕೆರೆದು ತೆಗೆದಿದ್ದಾರೆ. ಇದು ಹಾನಿಯಲ್ಲ, ಭಕ್ತಿಯ ಗುರುತು."

ಅವಳ ತಾಯಿ ಜೆಲಿಂದಾ ನಿನ್ನೆಯ ಬ್ರೆಡ್ಡನ್ನು ಹಾಲು ಕಾಫಿಯಲ್ಲಿ ಅದ್ದುತ್ತಾ ಕೂತಿದ್ದಳು.

"ಒಲೆ ಆರಿಸೇ, ಸೀದು ಹೋಗುತ್ತೆ," ಎಂದಳು. ಆಮೇಲೆ, "ಇಬ್ಬರದು ಸರಿ. ಮೂರನೆಯವಂದು ನಾನು ಮಾಡಿದ್ದು."

"ಏನು ಮಾಡಿದ್ದು?"

"ಕಣ್ಣು ತೆಗೆದಿದ್ದು. ಕೂದಲ ಪಿನ್ನಲ್ಲಿ. ಆಗ ಚಿತ್ರ ಚರ್ಚಲ್ಲೇ ಇತ್ತಲ್ಲ."

ಇಲ್ವಾ ಕುರ್ಚಿ ಎಳೆದುಕೊಂಡು ಕೂತಳು. ತಾಯಿ ಹೇಳಿದ್ದು ಹೆಚ್ಚೇನಿಲ್ಲ. ಯುದ್ಧದ ಕೊನೆಯ ಬೇಸಿಗೆಯಲ್ಲಿ ಅವಳ ತಮ್ಮ ಲೋರಿಸ್ ಹುಲ್ಲಿನ ಅಟ್ಟದಲ್ಲಿ ಅಡಗಿದ್ದ. ಯಾರೋ ತೋರಿಸಿಕೊಟ್ಟರು, ಜರ್ಮನರು ಬಂದು ಎಳೆದುಕೊಂಡು ಹೋದರು, ಅವನು ತಿರುಗಿ ಬರಲಿಲ್ಲ. ಜರ್ಮನರ ಅಡುಗೆಮನೆಗೆ ಬ್ರೆಡ್ ಕೊಡುತ್ತಿದ್ದವನು ಬೇಕರಿಯ ಸೆತ್ತೀಮಿಯೊ, ತೋರಿಸಿಕೊಟ್ಟವನೂ ಅವನೇ ಎಂದು ಅವಳು ನಂಬಿದಳು. ಜೆಲಿಂದಾ ಚರ್ಚಿಗೆ ಹೋಗಿ ಕೂತಾಗ ಚಿತ್ರದ ಬಲಬದಿಯಲ್ಲಿ ಚಾಟಿ ಎತ್ತಿದ ಮೂರನೆಯವನು ಕಣ್ಣಿಗೆ ಬಿದ್ದ. ಅದೇ ದುಂಡು ಕೆನ್ನೆ, ಅದೇ ಮುಂದೆ ಚಾಚಿದ ಕೆಳತುಟಿ. ಪಕ್ಕದ ಇಬ್ಬರಿಗೆ ಹಿಂದಿನವರು ಮಾಡಿದ್ದನ್ನು ಅವಳು ಇವನಿಗೂ ಮಾಡಿದಳು.

ಮುಂದಿನ ವಾರ ಊರೆಲ್ಲ ಅದನ್ನು ನೋಡಿತು. ಯಾರೂ ಏನೂ ಹೇಳಲಿಲ್ಲ. ಆದರೆ ಮೂರನೆಯವನು ಯಾರ ಹಾಗಿದ್ದಾನೆ ಎಂಬುದು ಎಲ್ಲರಿಗೂ ಒಂದೇ ಸಲ ಹೊಳೆಯಿತು. ಯುದ್ಧ ಮುಗಿದ ಮೇಲೆ ತೋರಿಸಿಕೊಟ್ಟವನು ಬೇರೆಯವನು, ಜಮೀನುದಾರನ ಮೇಸ್ತ್ರಿ ಎಂದು ಗೊತ್ತಾಯಿತು. ಅಷ್ಟರಲ್ಲಿ ಅರ್ಧ ಊರು ಪಕ್ಕದೂರಿನ ಬ್ರೆಡ್ ತಿಂದು ರೂಢಿ ಮಾಡಿಕೊಂಡಿತ್ತು.

"ಮುಂದಿನ ವಾರ ಚಿತ್ರ ಫ್ಲಾರೆನ್ಸಿಗೆ ರಿಪೇರಿಗೆ ಹೋಗುತ್ತೆ ಅಂದ್ಯಲ್ಲ," ಎಂದಳು ಜೆಲಿಂದಾ. "ಅವನ ಕಣ್ಣು ಅವನಿಗೆ ಕೊಡ್ಸು."

"ಅಮ್ಮಾ, ಹಳೇ ಭಕ್ತರು ಕೆರೆದಿದ್ದನ್ನ ಮುಟ್ಟಲ್ಲ. ಅದು ಇತಿಹಾಸ ಅಂತಾರೆ. ಇತ್ತೀಚಿನ ಹಾನಿ ಆದ್ರೆ ಮಾತ್ರ ಮುಚ್ತಾರೆ. ಮೂರೂ ಹಳೇದು ಅಂತ ನಿರ್ದೇಶಕಿ ಬಾರ್ದಿ ಲೇಖನವನ್ನೇ ಬರೆದಿದಾರೆ."

"ಅದಕ್ಕೇ ಹೇಳ್ತಿರೋದು. ನೀನು ಹೇಳು, ಹೊಸದು ಅಂತ."

"ನೀನೇ ಹೋಗಿ ಅವರ ಹತ್ರ ಹೇಳಬಾರ್ದಾ?"

"ನಾನು ಹೇಳಿದ್ರೆ ಮುದುಕಿ ಬಡಬಡಿಸ್ತಾಳೆ ಅಂತಾರೆ. ಆಫೀಸ್ ಬಾಗಿಲು ಹಾಕ್ಕೊಂಡು ಹೇಳೋ ಮಾತಲ್ಲ ಅದು. ಕಣ್ಣು ತೆಗೆದಾಗ ಊರು ನೋಡ್ತು. ಈಗಲೂ ಊರು ಕೇಳಿಸ್ಕೊಳ್ಳಲಿ." ಬಟ್ಟಲಿನ ತಳದ ಬ್ರೆಡ್ಡಿನ ಚೂರನ್ನು ಚಮಚದಲ್ಲಿ ತೆಗೆದು ತಿಂದಳು. "ಸೆತ್ತೀಮಿಯೊ ಸತ್ತಾಗಲೇ ಹೇಳ್ಬೇಕಿತ್ತು. ಹೋಗು, ಆ ನೀಲಿ ಕೋಟು ಹಾಕ್ಕೋ. ಕಂದು ಬಣ್ಣದ್ದು ಹಾಕ್ಕೊಂಡ್ರೆ ಸನ್ಯಾಸಿನಿ ಥರ ಕಾಣ್ತೀಯ."

ಬಂದವರು ಹತ್ತು ಹನ್ನೆರಡು ಜನ. ಮುಂದೆಯೇ ನಿಂತವನು ವಾಸ್ಕೊ, ನಿವೃತ್ತ ಬಸ್ ಡ್ರೈವರ್, ಊರಿನ ಬಾಯಿ. ಜೆಲಿಂದಾ ತಲೆಗೆ ಹಬ್ಬದ ಸ್ಕಾರ್ಫ್ ಕಟ್ಟಿಕೊಂಡು ಬಂದಿದ್ದಳು. ಕೊನೆಯಲ್ಲಿ ಕೈ ಒರೆಸಿಕೊಳ್ಳುತ್ತಾ ಓಡಿಬಂದವಳನ್ನು ಕಂಡು ಇಲ್ವಾ ತಾಯಿಯ ಕಡೆ ತಿರುಗಿದಳು. ಅವಳು ನೋರ್ಮಾ, ಸೆತ್ತೀಮಿಯೊನ ಮಗಳು, ಈಗ ಬೇಕರಿ ನಡೆಸುವವಳು.

ಮೊದಲ ಕೋಣೆಯಲ್ಲಿ ಚಿನ್ನದ ಹಿನ್ನೆಲೆಯ ಮಾತೆ ಮರಿಯಳ ಚಿತ್ರ. ಇಲ್ವಾಳ ದನಿ ತೆಳ್ಳಗಿತ್ತು.

"ಗಟ್ಟಿಯಾಗಿ ಹೇಳಮ್ಮ," ಎಂದ ವಾಸ್ಕೊ. "ಮರಿಯಮ್ಮಂಗೇ ಕೇಳಿಸ್ತಿಲ್ಲ."

"ನಿನ್ನ ಬಸ್ಸಿನ ಹಾರ್ನ್ ಕೇಳಿ ಕೇಳಿ ನಿನ್ನ ಕಿವಿ ಹೋಗಿದೆ ಕಣೋ," ಎಂದಳು ಜೆಲಿಂದಾ. ಜನ ನಕ್ಕರು. 

ಎರಡನೆಯ ಕೋಣೆಯಲ್ಲಿ ಅವಳು ಪಾಠ ಬಿಟ್ಟು ಮಾತಾಡತೊಡಗಿದಳು. ಸಂತನ ಚಪ್ಪಲಿಯ ಹೊಲಿಗೆ ತೋರಿಸಿ, "ಈ ಚಿತ್ರಕಾರ ಚರ್ಮ ಹೊಲಿಯೋದನ್ನ ನೋಡಿದ್ದವನು, ಆದ್ರೆ ಸರಿಯಾಗಿ ನೋಡಿಲ್ಲ," ಎಂದಾಗ ಕಾರ್ಖಾನೆಯ ಹೆಂಗಸರು ಬಗ್ಗಿ ನೋಡಿದರು. ಹಿಂದೆ ನಿಂತ ನಿರ್ದೇಶಕಿಯ ಮುಖದಲ್ಲೂ ನಗು ಕಂಡಿತು. ಚೆನ್ನಾಗಿ ನಡೆಯುತ್ತಿದೆ ಎಂದು ಗೊತ್ತಾದಷ್ಟೂ ಇಲ್ವಾಳಿಗೆ ಮುಂದಿನ ಕೋಣೆಯ ಭಯ ಹೆಚ್ಚಾಯಿತು. ನಿರ್ದೇಶಕಿಯ ಮಾತನ್ನು ಅವರ ಎದುರೇ ತಳ್ಳಿಹಾಕಿದರೆ ಈ ಕೆಲಸ ಇವತ್ತಿಗೇ ಮುಗಿಯಿತು. ತಾಯಿಯ ಹೆಸರು ಸಂಜೆಯೊಳಗೆ ಕಾಫಿ ಬಾರಿನ ಎಲ್ಲ ಮೇಜಿನ ಮೇಲೂ ಇರುತ್ತದೆ. ನೋರ್ಮಾ ಏನು ಮಾಡುತ್ತಾಳೋ. ಹೇಳದಿದ್ದರೆ ಚಿತ್ರ ಹಾಗೇ ಹೋಗಿ ಹಾಗೇ ಬರುತ್ತದೆ, ಮೂರನೆಯವನು ಕುರುಡನಾಗಿಯೇ ಉಳಿಯುತ್ತಾನೆ. ಇದೆಲ್ಲಕ್ಕಿಂತ ಅವಳನ್ನು ಕೊರೆದದ್ದು ಇನ್ನೊಂದು ಅನುಮಾನ: ತಾಯಿ ಹೇಳಿದ್ದು ನಿಜವೇ? ಇಷ್ಟು ವರ್ಷ ಅದೇ ಯೋಚನೆ ಮಾಡಿದವರಿಗೆ ಮಾಡದ್ದೂ ಮಾಡಿದಂತೆ ಅನ್ನಿಸಬಹುದಲ್ಲ.

ಚಿತ್ರದ ಮುಂದೆ ಎಲ್ಲರೂ ಅರ್ಧಚಂದ್ರವಾಗಿ ನಿಂತರು. ನೋರ್ಮಾ ಮಾತ್ರ ಬಾಗಿಲ ಹತ್ತಿರವೇ ಉಳಿದಳು.

"ಕ್ರಿಸ್ತನನ್ನು ಹೊಡೆಯುವವರು ಮೂವರು," ಎಂದಳು ಇಲ್ವಾ. "ಈ ಎಡಗಡೆ ಇಬ್ಬರ ಮುಖ ನೋಡಿ. ಮೊಳೆಯಲ್ಲಿ ಉದ್ದಕ್ಕೂ ಗೀರಿದಾರೆ. ಹಳೇ ಕಾಲದ ಭಕ್ತರು ಕೆಟ್ಟವರ ಕಣ್ಣು ಹೀಗೆ ತೆಗೆದುಬಿಡ್ತಿದ್ರು. ಇದು ಹಾನಿಯಲ್ಲ, ಭಕ್ತಿಯ..."

ಅಲ್ಲಿಗೆ ನಿಂತಳು. ತಾಯಿಯ ಕಡೆ ನೋಡಿದಳು. ತಾಯಿ ಚಿತ್ರದ ಕಡೆ ನೋಡುತ್ತಿರಲಿಲ್ಲ, ತನ್ನ ಶೂ ನೋಡುತ್ತಿದ್ದಳು.

"ಮೂರನೆಯವನ ಕಣ್ಣು ಹಾಗಿಲ್ಲ," ಎಂದಳು ಇಲ್ವಾ. "ಅಲ್ಲಿ ಸಣ್ಣ ಸಣ್ಣ ಚುಕ್ಕೆ. ಚುಚ್ಚಿರೋ ಹಾಗೆ. ಅದೂ ಹಳೇದೇ ಅಂತ ಬರೆದಿದೆ. ಯಾರು ಮಾಡಿದ್ದು ಅಂತ ನಾನು ಕಂಡವಳಲ್ಲ, ಆಗ ನಾನು ತೊಟ್ಟಿಲಲ್ಲಿದ್ದೆ. ಆದ್ರೆ ಒಬ್ಬರು ನನಗೆ ಹೇಳಿದಾರೆ. ಅದು ಯುದ್ಧದ ಕೊನೇ ಬೇಸಿಗೇಲಿ ಆಗಿದ್ದು, ತಪ್ಪು ಮನುಷ್ಯನ ಮೇಲಿನ ಸಿಟ್ಟಿಗೆ ಆಗಿದ್ದು ಅಂತ. ಅದನ್ನ ಹೇಳದೆ ಮುಂದಿನ ಚಿತ್ರಕ್ಕೆ ಹೋಗೋಕೆ ನನ್ನಿಂದಾಗಲ್ಲ."

ವಾಸ್ಕೊ ಚಿತ್ರದ ಹತ್ತಿರ ಬಗ್ಗಿ ನೋಡಿದ.

"ಒಬ್ಬರು ಅಂತ ಯಾಕೆ ಸುತ್ತಿ ಬಳಸ್ತೀಯ," ಎಂದಳು ಜೆಲಿಂದಾ. "ನಾನೇ. ನಾನೇ ಮಾಡಿದ್ದು."

ವಾಸ್ಕೊ ತಟ್ಟನೆ ತಿರುಗಿದ. "ಏ ಹೋಗೇ ಜೆಲಿಂದಾ! ಅದು ನಮ್ಮಜ್ಜಿ ಮಾಡಿದ್ದು. ಅಜ್ಜನ ಮೇಲಿನ ಸಿಟ್ಟಿಗೆ. ನಮ್ಮ ಮನೇಲಿ ಎಲ್ಲರಿಗೂ ಗೊತ್ತು."

"ನಿಮ್ಮಜ್ಜಿಗೆ ನೆಟ್ಟಗೆ ನಿಲ್ಲೋಕೆ ಆಗ್ತಿರ್ಲಿಲ್ಲ, ಅಷ್ಟು ಎತ್ತರ ಹತ್ತಿ ಚುಚ್ಚಿದ್ಲಂತೆ!"

"ಚರ್ಚಿನ ಗಂಟೆ ಹೊಡೆಯೋ ಮುದುಕ ಚಿತ್ರಕ್ಕೆ ಅಂಟಿದ ಮೇಣ ಕೆರೆಯೋವಾಗ ಆಗಿದ್ದು ಅಂತ ನಮ್ಮಮ್ಮ ಹೇಳ್ತಿದ್ರು," ಎಂದು ಇನ್ನೊಬ್ಬಳು ಸೇರಿಸಿದಳು. ಒಂದು ಕ್ಷಣ ಎಲ್ಲರೂ ಒಟ್ಟಿಗೆ ಮಾತಾಡಿದರು. ಅಷ್ಟು ವರ್ಷ ಯಾರೂ ಆಡದಿದ್ದ ಮಾತನ್ನು ಈಗ ಒಬ್ಬರ ಬಾಯಿಂದ ಒಬ್ಬರು ಕಿತ್ತುಕೊಳ್ಳುತ್ತಿದ್ದರು.  ತಾಯಿ ತಂದ ಮಾತು ಗಲಾಟೆಯಲ್ಲಿ ಕರಗಿ ಹೋಗುತ್ತಿರುವುದನ್ನು ಇಲ್ವಾ ಕಂಡಳು.

ಆಗ ಬಾಗಿಲ ಹತ್ತಿರದಿಂದ ನೋರ್ಮಾ ಹೇಳಿದಳು. "ಗುಡ್ ಫ್ರೈಡೇ ದಿನ ಎಲ್ಲರೂ ಈ ಚಿತ್ರದ ಮುಂದೆ ನಿಲ್ಲೋವಾಗ ನಮ್ಮಪ್ಪ ಚರ್ಚಿಗೆ ಬರ್ತಿರ್ಲಿಲ್ಲ. ಹಿಟ್ಟು ನಾದೋದಿದೆ ಅನ್ನೋರು. ಅವತ್ತು ಬೇಕರಿ ರಜಾ."

ಗಲಾಟೆ ಮಾಡುತ್ತಿದ್ದವರು ಅವಳ ಕಡೆ ತಿರುಗಿದರು. ನೋರ್ಮಾ ಜೆಲಿಂದಾಳ ಕಡೆ ನೋಡಿದಳು.  ಆಮೇಲೆ ಇಲ್ವಾಳಿಗೆ, "ಮುಂದಿನದು ತೋರಿಸು, ನಾನು ಒಲೆ ಮೇಲೆ ಬೀನ್ಸ್ ಇಟ್ಟು ಬಂದಿದೀನಿ," ಎಂದಳು.

ಸುತ್ತು ಮುಗಿದ ಮೇಲೆ ನಿರ್ದೇಶಕಿ ಬಾರ್ದಿ ತಾಯಿ ಮಗಳಿಬ್ಬರನ್ನೂ ಅಂಗಳದ ಬೆಂಚಿನ ಮೇಲೆ ಕೂರಿಸಿದರು. ಇಲ್ವಾ ಬೈಗುಳಕ್ಕೆ ತಯಾರಾಗಿ ಕೋಟಿನ ಗುಂಡಿ ತಿರುವುತ್ತಿದ್ದಳು.

"ನನ್ನ ಲೇಖನ ತಪ್ಪಿರಬಹುದು," ಎಂದರು ನಿರ್ದೇಶಕಿ. ಅದನ್ನು ಹೇಳುವುದು ಅವರಿಗೆ ಸುಲಭವಿರಲಿಲ್ಲ. "ಫ್ಲಾರೆನ್ಸಿನವರಿಗೆ ಹೇಳ್ತೀನಿ. ಅವರು ಭೂತಗನ್ನಡಿ ಇಟ್ಟು ನೋಡ್ತಾರೆ. ಹೊಸದು ಅಂತ ಕಂಡ್ರೆ ಮುಚ್ತಾರೆ. ಆದ್ರೆ ಸಿಞೋರಾ ಜೆಲಿಂದಾ, ಕಣ್ಣು ಬರೆಯಲ್ಲ. ಅಲ್ಲಿ ಹೇಗಿತ್ತು ಅಂತ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಬರೆಯೋ ಹಾಗಿಲ್ಲ. ಸುತ್ತಲಿನ ಬಣ್ಣದ ಸಣ್ಣ ಸಣ್ಣ ಗೆರೆ ಎಳೀತಾರೆ, ಅಷ್ಟೇ. ದೂರದಿಂದ ಗಾಯ ಕಾಣಲ್ಲ. ಹತ್ತಿರ ಹೋದ್ರೆ ಗೆರೆ ಕಾಣಬೇಕು. ಇಲ್ಲಿ ಏನೋ ಹೋಗಿದೆ ಅನ್ನೋದನ್ನ ಮುಚ್ಚಿಡಬಾರ್ದು."

"ನಂಗೆ ಗೊತ್ತು ಹೇಗಿತ್ತು ಅಂತ," ಎಂದಳು ಜೆಲಿಂದಾ. ಆಮೇಲೆ, "ಇಲ್ಲ. ಗೊತ್ತಿಲ್ಲ. ನಂಗೆ ಸೆತ್ತೀಮಿಯೊನ ಕಣ್ಣು ನೆನಪಿದೆ, ಇವನದಲ್ಲ," ಎಂದಳು.

ಹೊರಡುವಾಗ ನಿರ್ದೇಶಕಿ ಇಲ್ವಾಳಿಗೆ ಮುಂದಿನ ಭಾನುವಾರ ಸ್ವಲ್ಪ ಬೇಗ ಬರಲು ಹೇಳಿದರು. ಕೆಲಸ ಸಿಕ್ಕಿತೇ ಎಂದು ಕೇಳಲು ಇಲ್ವಾಳಿಗೆ ಧೈರ್ಯವಾಗಲಿಲ್ಲ. ಬೇಗ ಹೋದಳು, ಆಮೇಲೂ ಹೋಗುತ್ತಲೇ ಇದ್ದಳು.

ಚಿತ್ರ ಹಿಂತಿರುಗುವ ಹೊತ್ತಿಗೆ ಜೆಲಿಂದಾಳ ಕಣ್ಣಿಗೆ ಪೊರೆ ಬಂದಿತ್ತು. ಮಗಳ ತೋಳು ಹಿಡಿದು ಮೂರನೆಯ ಕೋಣೆಗೆ ಬಂದು ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತಳು. ಎಡಗಡೆಯ ಇಬ್ಬರ ಗೀರು ಹಾಗೆಯೇ ಇತ್ತು. ಮೂರನೆಯವನ ಮುಖದಲ್ಲಿ ಮಾತ್ರ ಕಂದು ಮತ್ತು ಮಣ್ಣಿನ ಬಣ್ಣದ ಕೂದಲೆಳೆಯಂಥ ಗೆರೆಗಳು, ಒಂದರ ಪಕ್ಕ ಒಂದು. ಬೆಂಚಿನಿಂದ ನೋಡಿದರೆ ಅವನು ಚಾಟಿ ಎತ್ತಿ ಕಣ್ಣು ತಗ್ಗಿಸಿದಂತೆ ಕಾಣುತ್ತಿತ್ತು.

"ನೋಡ್ತಿದಾನಾ?" ಎಂದು ಕೇಳಿದಳು ಜೆಲಿಂದಾ.

ಇಲ್ವಾ ಹೌದು ಎನ್ನಬಹುದಿತ್ತು. "ಅಲ್ಲಿರೋದು ಗೆರೆ ಅಮ್ಮಾ," ಎಂದಳು. "ಆದ್ರೆ ತೂತು ಕಾಣಲ್ಲ. ಹತ್ತಿರ ಹೋಗೋಣ್ವಾ?"

"ಬೇಡ. ಇಲ್ಲಿಂದಲೇ ಸಾಕು."

ಮನೆಗೆ ಹೋಗುವಾಗ ಬೇಕರಿಯಲ್ಲಿ ನಿಂತರು. ನೋರ್ಮಾ ಯಾವಾಗಿನಂತೆ ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿ ಜೆಲಿಂದಾಳ ಕೈಗೇ ಕೊಟ್ಟಳು. "ಬಿಸಿ ಇದೆ, ಎದೆಗೆ ಒತ್ಕೋಬೇಡಿ," ಎಂದಳು. 

ಮೂರನೆಯವನ ಗಾಯ ಉಳಿದಿಬ್ಬರ ಗಾಯಕ್ಕಿಂತ ಹೊಸದು ಎಂದು ಫ್ಲಾರೆನ್ಸಿನವರು ಹೇಳಿದರು. ಎಷ್ಟು ಹೊಸದು ಎಂದು ಅವರಿಗೂ ಹೇಳಲಾಗಲಿಲ್ಲ. ವಾಸ್ಕೊ ಕೊನೆಯವರೆಗೂ ಅದು ಅಜ್ಜಿಯ ಕೆಲಸ ಎಂದೇ ಹೇಳಿದ. ಅದು ನಿಜವೋ, ಜೆಲಿಂದಾಳನ್ನು ಉಳಿಸಲು ಆ ಕ್ಷಣಕ್ಕೆ ಹೊಳೆದ ಸುಳ್ಳೋ, ತಿಳಿಯದು. ನೋರ್ಮಾ ಕ್ಷಮಿಸಿದಳೋ ಇಲ್ಲವೋ, ಅದೂ ಗೊತ್ತಿಲ್ಲ. ಯಾರೂ ಅವಳನ್ನು ಕೇಳಿಲ್ಲ.