ಏರಿನಲ್ಲಿ ನಿಂತ ಕಾಲು

ಶವಪೆಟ್ಟಿಗೆಯ ಬಂಡಿಯನ್ನು ಇಗರ್ಜಿಯ ಏರಿನಲ್ಲಿ ತಳ್ಳುತ್ತಿದ್ದ ಇನಾಸ್ ಅರ್ಧದಾರಿಯಲ್ಲಿ ಕೈಬಿಟ್ಟು ನಿಂತ. ಜೊತೆಯವರು ಚಕ್ರಕ್ಕೆ ಕಲ್ಲು ಕೊಟ್ಟರು.

"ಅಣ್ಣನ್ನ ಬಿಟ್ಟು ಬೀಡಿ ಸೇದೋಕೆ ಹೊರಟ್ಯೇನೋ?" ಎಂದರು ಯಾರೋ ಮೆಲ್ಲಗೆ.

ರುಫೀನಾ ಅವನ ಕೈ ನೋಡಿದಳು. ಅದು ಎಡ ಮೀನಖಂಡವನ್ನು ಒತ್ತುತ್ತಿತ್ತು. ಪೆಟ್ಟಿಗೆಯಲ್ಲಿದ್ದವನು ಅವಳ ಗಂಡ ಕಾಯ್ತಾನ್. ವಯಸ್ಸು ಮೂವತ್ತೆಂಟು. ರೊಟ್ಟಿ ಸುಟ್ಟು, ಬುಟ್ಟಿ ಕಟ್ಟಿದ ಸೈಕಲ್ಲಿನಲ್ಲಿ ಊರೂರು ತಿರುಗಿ ಮಾರುತ್ತಿದ್ದವನು.

"ಏನಾಯ್ತು ಇನಾಸ್?"

"ಏನಿಲ್ಲ ಅತ್ತಿಗೆ. ಕಾಲು ಹಿಡ್ಕೊಳ್ತು. ಒಂದ್ನಿಮಿಷ ನಿಂತ್ರೆ ಹೋಗುತ್ತೆ."

"ಎಷ್ಟು ದಿನದಿಂದ?"

"ಕ್ರಿಸ್ಮಸ್‌ನಿಂದ ಇರ್ಬೇಕು."

ಅತ್ತೆ ಪಿಯೆದಾದ್ ಕಣ್ಣೊರೆಸಿಕೊಂಡಳು. "ನಮ್ಮನೆ ಗಂಡಸರ ಸೊಂಟವೇ ಅಷ್ಟು. ಹಿಟ್ಟು ನಾದಿ ನಾದಿ ನರ ಹಿಡಿಯುತ್ತೆ. ಇವರಪ್ಪನಿಗೂ ಇತ್ತು. ಎಪ್ಪತ್ತೆಂಟರವರೆಗೆ ಬದುಕಲಿಲ್ವ?"

*

ಕಾಯ್ತಾನನೂ ಏರಿನಲ್ಲೇ ನಿಲ್ಲುತ್ತಿದ್ದ. ಒಂದು ಬೀಡಿ ಮುಗಿಯುವಷ್ಟರಲ್ಲಿ ನೋವು ಹೋಗಿರುತ್ತಿತ್ತು. ಸಂಜೆ ಪಿಯೆದಾದ್ ರೊಟ್ಟಿಯ ಒಲೆಯಿಂದ ಇಟ್ಟಿಗೆ ತೆಗೆದು, ಗೋಣಿಯಲ್ಲಿ ಸುತ್ತಿ ಅವನ ಕಾಲಿಗೆ ಇಡುತ್ತಿದ್ದಳು. ಗಂಡನ ಸೊಂಟಕ್ಕೂ ಹಾಗೇ ಇಟ್ಟವಳು. ಒಂದು ದಿನ ಹಿಮ್ಮಡಿ ಸುಟ್ಟಿತು. ಅವನಿಗೆ ಗೊತ್ತೇ ಆಗಲಿಲ್ಲ.

ರಕ್ತನಾಳದ ವೈದ್ಯೆ ಪಟ್ಟಣಕ್ಕೆ ಬರುತ್ತಿದ್ದುದು ಗುರುವಾರ ಮಾತ್ರ, ಹನ್ನೆರಡರವರೆಗೆ. ಒಂದು ಗುರುವಾರ ಮದುವೆಯ ರೊಟ್ಟಿ, ಇನ್ನೊಂದು ಗುರುವಾರ ಹಬ್ಬದ ರೊಟ್ಟಿ. ಮೂರನೆಯ ಗುರುವಾರದ ಹೊತ್ತಿಗೆ ಗಾಯ ಕಪ್ಪಾಗಿತ್ತು.

"ನಿಮ್ಮಪ್ಪನಿಗೆ ಯಾವಾಗ ನೋಯ್ತಿತ್ತು?" ಅಪ್ಪನ ಹಾಗೇ ಸೊಂಟದ ನರ ಎಂದ ಕಾಯ್ತಾನನನ್ನು ವೈದ್ಯೆ ಕೇಳಿದರು.

"ಇಳಿಜಾರಲ್ಲಿ. ಸುಮ್ನೆ ನಿಂತ್ರೂ ನೋಯ್ತಿತ್ತು. ಸೈಕಲ್ ಮೇಲೆ ಬಗ್ಗಿ ಕೂತ್ರೆ ಆರಾಮ."

"ನಿಮಗೆ?"

"ಏರಲ್ಲಿ. ಸೈಕಲ್ ತುಳಿದ್ರೂ ಬರುತ್ತೆ. ನಿಂತ್ರೆ ಸಾಕು, ಹೋಗುತ್ತೆ."

"ಅವರದ್ದು ನರ. ನಿಮ್ಮದು ನರ ಅಲ್ಲ, ಕಾಲಿಗೆ ರಕ್ತ ಇಳೀತಿಲ್ಲ."

ಕಾಲು ತೆಗೆದರು. ಅಷ್ಟರಲ್ಲಿ ನಂಜು ಮೈಗೇರಿತ್ತು.

*

"ಬಂಡಿ ಮೇಲೆ ಬಗ್ಗಿಕೊಂಡು ತಳ್ಳು," ಎಂದಳು ರುಫೀನಾ.

ಅವನು ಪೆಟ್ಟಿಗೆಯ ಮೇಲೆ ಎದೆ ಊರಿ ತಳ್ಳಿದ. ಮೂವತ್ತು ಹೆಜ್ಜೆಗೆ ಮತ್ತೆ ನಿಂತ.

"ಬಗ್ಗಿದ್ರೂ ಅಷ್ಟೇ." ಬೆನ್ನು ನೆಟ್ಟಗೆ ಮಾಡಿ ಕಾದ. ಆಮೇಲೆ ನಕ್ಕ. "ಹೋಯ್ತು ನೋಡಿ. ಸುಮ್ನೆ ಹೆದರ್ತೀರ."

ರುಫೀನಾ ಅವನ ಕಾಲ ಬಳಿ ಕುಕ್ಕರಿಸಿದಳು.

"ಶೂ ಬಿಚ್ಚು."

"ಇಲ್ಲೇನಾ? ಪಾದ್ರಿ ನೋಡ್ತಿದಾರೆ."

"ನೋಡಲಿ."

ಬಿಸಿಲಿಗೆ ರಸ್ತೆ ಸುಡುತ್ತಿತ್ತು. ಅವನ ಪಾದ ಬಾವಿಯ ನೀರಿನ ಹಾಗೆ ತಣ್ಣಗಿತ್ತು. ಹೆಬ್ಬೆರಳ ತುದಿಯಲ್ಲಿ ಉದ್ದಿನಕಾಳಿನಷ್ಟು ಗಾಯ, ಸುತ್ತ ನೀಲಿ.

"ಇದು?"

"ಶೂ ಕಚ್ಚಿದ್ದು. ಹೋದ ತಿಂಗಳು."

ಅವತ್ತು ಗುರುವಾರ. ಗಂಟೆ ಹತ್ತೂಮುಕ್ಕಾಲು. ರುಫೀನಾ ಕೆಳಗೆ ನಿಂತಿದ್ದ ರಿಕ್ಷಾದವನಿಗೆ ಕೈಮಾಡಿದಳು.

"ಮೊದಲು ಮಣ್ಣಾಗಲಿ," ಪಿಯೆದಾದ್ ಅವಳ ತೋಳು ಹಿಡಿದಳು. "ಗಂಡನ ಮಣ್ಣಿಗೆ ನಿಲ್ಲದವಳು ಅಂತಾರೆ. ಸಾಯೋವರೆಗೂ ಅಂತಾರೆ."

"ಅನ್ನಲಿ ಮಾಯ್."

"ಸೊಂಟದ ನೋವಿಗೆ ಯಾಕಿಷ್ಟು? ಸಂಜೆ ಇಟ್ಟಿಗೆ ಬಿಸಿ ಮಾಡಿ..."

ಪಿಯೆದಾದ್ ಅಲ್ಲಿಗೆ ನಿಲ್ಲಿಸಿದಳು. ಇನಾಸನ ಬರಿಗಾಲು ನೋಡಿದಳು, ಪೆಟ್ಟಿಗೆ ನೋಡಿದಳು. ಹಿಡಿದಿದ್ದ ತೋಳು ಬಿಟ್ಟಳು.

ರುಫೀನಾ ಪೆಟ್ಟಿಗೆಯ ಮುಚ್ಚಳದ ಮೇಲೆ ಅಂಗೈ ಇಟ್ಟಳು. ಒಂದು ಉಸಿರಿನಷ್ಟು ಹೊತ್ತು.

ರಿಕ್ಷಾ ತಿರುಗಿತು. ಇನಾಸ್ ಒಂದು ಶೂ ಕೈಯಲ್ಲಿ ಹಿಡಿದು ಕೂತಿದ್ದ. ಅವಳು ಹಿಂದಿನ ಕಿಂಡಿಯಿಂದ ನೋಡಿದಳು. ಯಾರೋ ಚಕ್ರದ ಕಲ್ಲು ತೆಗೆದರು. ಇನಾಸ್ ಬಿಟ್ಟುಬಂದ ಜಾಗದಲ್ಲಿ ಪಿಯೆದಾದ್ ಎರಡೂ ಕೈ ಊರಿ, ಬಗ್ಗಿ, ಮಗನನ್ನು ಏರಿಗೆ ತಳ್ಳುತ್ತಿದ್ದಳು.